ಮಲಗಿದ್ದ ಲ್ಯಾಪ್‌ಟಾಪ್, ಮಾತು ಬಿಟ್ಟ ಹುಡುಗಿ

"ಯಾರನ್ನ ಕೇಳಿ ನನ್ನ ಹಾರ್ಡ್ ಡಿಸ್ಕ್ ಮುಟ್ಟಿದ್ರಿ?!"

ಶೈಲಾಳ ಕೂಗಿಗೆ ಕೂಕಟ್‌ಪಲ್ಲಿಯ ಆ ಪುಟ್ಟ ಸ್ಟುಡಿಯೋದ ಗಾಜಿನ ಬಾಗಿಲೇ ನಡುಗಿತು. ಎದುರಿಗಿದ್ದ ಸೂರ್ಯಕಾಂತ, ಅವಳ ಜೊತೆ ಮದುವೆಗಳ ವಿಡಿಯೋ ತೆಗೆಯುವವನು, ತಲೆ ತಗ್ಗಿಸಿ ಲೆನ್ಸ್ ಒರೆಸುತ್ತ ಕೂತ.

ಅದನ್ನು ಕಂಡು ಅವಳ ಮೈ ಉರಿಯಿತು!

ಉರಿಯದೆ ಏನಾದೀತು? ಗುರುಶಾಂತ ಅವರ ಮಗಳ ಮದುವೆ ಶೈಲಾ ಸ್ವಂತ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ. ಈಗ ಅದರ ವಿಡಿಯೋಗಳಿದ್ದ ಡಿಸ್ಕಿನಲ್ಲಿ ಒಂದು ಫೈಲೂ ತೆರೆಯುತ್ತಿಲ್ಲ. ಅವಳ ಕ್ಯಾಮೆರಾದ ಕಾರ್ಡುಗಳನ್ನೋ ಎಲ್ಲ ಡಿಸ್ಕಿಗೆ ತುಂಬಿ ಆಗಲೇ ಖಾಲಿ ಮಾಡಿಯಾಗಿತ್ತು.

"ಮದುಮಕ್ಕಳ ಮ್ಯಾಲ ಅಕ್ಷತಾ ಬೀಳೋ ಹೊತ್ತಿಗೆ ಮಾಯ ಆದ್ರಿ. ಅದು ಸಾಲದು ಅಂತ ಇದ್ದದ್ದನ್ನೂ ಅಳಿಸಿದ್ರಿ! ನನ್ನ ಹೆಸರು ಕೆಡಬೇಕಿತ್ತೇನು ನಿಮಗ?"

"ಅಳಿಸಿಲ್ರಿ... ಹಾಕೀನಿ."

"ಏನು ಹಾಕೀರಿ?"

"ಅಕ್ಷತಾದ ವಿಡಿಯೋ. ಕೆಳಗ ಜನ ಭಾಳ ಅಡ್ಡ ಬಂದ್ರು, ಅದಕ್ಕ ಮಹಡಿ ಹತ್ತಿ ಮ್ಯಾಲಿಂದ ತೆಗೆದಿದ್ದೆ. ಅವತ್ತಿನಿಂದ ನೀವು ಮಾತು ಬಿಟ್ಟಿದ್ರಿ, ಫೋನೂ ಎತ್ತಲಿಲ್ಲ. ಇವತ್ತು ನೀವು ಊಟಕ್ಕ ಹೋದಾಗ ಡಿಸ್ಕ್ ಬಿಚ್ಚಿ, ನನ್ನ ಲ್ಯಾಪ್‌ಟಾಪ್‌ನಿಂದ ಕಾಪಿ ಮಾಡಿ, ತಿರುಗಿ ಹಚ್ಚಿಟ್ಟೆ. ನಿಮ್ಮದು ಬಂದ್ ಆಗಿತ್ತಲ್ರಿ?"

"ಬಂದ್ ಎಲ್ಲಿತ್ತು?! ಹೈಬರ್ನೇಟ್ ಮಾಡಿ, ಬರೇ ಮಲಗಿಸಿ ಹೋಗಿದ್ದೆ!"

ಅಂದವಳೇ ಶೈಲಾ ಗಕ್ಕನೆ ನಿಂತಳು.

ಮಲಗುವ ಮುನ್ನ ಡಿಸ್ಕಿನಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಲ್ಯಾಪ್‌ಟಾಪ್ ನೆನಪಿಟ್ಟುಕೊಂಡಿತ್ತು. ನಡುವೆ ಇವನು ಹೊಸದು ತುಂಬಿದ್ದು ಅದಕ್ಕೇನು ಗೊತ್ತು? ಎದ್ದದ್ದೇ, ಹಳೆಯ ನೆನಪೇ ನಿಜವೆಂದುಕೊಂಡು ಡಿಸ್ಕಿನ ಮೇಲೆ ಬರೆದುಬಿಟ್ಟಿತ್ತು. ಹಳೆಯದು, ಹೊಸದು ಎಲ್ಲವೂ ಕಲಸಿಹೋಗಿತ್ತು.

'ಡಿಸ್ಕನ್ನು ಲ್ಯಾಪ್‌ಟಾಪ್‌ನಿಂದ ಬಿಚ್ಚಿಟ್ಟು ಹೋಗಬೇಕಿತ್ತು... ಇವನ ಫೋನು ಒಮ್ಮೆಯಾದರೂ ಎತ್ತಬೇಕಿತ್ತು...'

ಅವಳ ಸಿಟ್ಟು ಇಳಿಯಲಿಲ್ಲ. ಅದರಲ್ಲಿ ಅರ್ಧ ಅವಳ ಕಡೆಗೇ ತಿರುಗಿತು, ಅಷ್ಟೇ.

"ಅಕ್ಷತಾ ನನ್ನ ಕಾರ್ಡ್‌ನಾಗ ಇನ್ನೂ ಐತ್ರಿ," ಎಂದ ಸೂರ್ಯಕಾಂತ ಮೆಲ್ಲಗೆ.

ಸಂಜೆಯವರೆಗೂ ಇಬ್ಬರೂ ಡಿಸ್ಕ್ ರಿಪೇರಿಗೆ ಕೂತರು. ಚೂರುಪಾರು ಸಿಕ್ಕಿತು. ಅರಿಷಿಣದ ಕಾರ್ಯ ಮಾತ್ರ ಸಿಗಲೇ ಇಲ್ಲ.

ಗುರುಶಾಂತ ಅವರಿಗೆ ಹೇಳಲೇಬೇಕಿತ್ತು. ಶೈಲಾ ಫೋನು ತೆಗೆದು ನಂಬರ್ ಒತ್ತಿದಳು. ಸೂರ್ಯಕಾಂತ ಅದನ್ನು ತೆಗೆದುಕೊಂಡ.

"ಸರ್, ಅರಿಷಿಣದ ವಿಡಿಯೋ ಹಾಳಾತ್ರಿ. ತಪ್ಪು ಪೂರಾ ನಂದು. ಶೈಲಾ ಅವರ್ದು ಏನೂ ಇಲ್ಲ..."

ಅವಳು ಫೋನು ಕಸಿದುಕೊಂಡಳು. "ಇಬ್ಬರದೂ ಐತ್ರಿ ಸರ್!"

ಗುರುಶಾಂತ ಬಾಯಿಗೆ ಬಂದಂತೆ ಬೈದರು. ಕೊನೆಗೆ ದನಿ ಸೋತು, "ಅಕ್ಷತಾ ಆದರೂ ಐತೇನವ್ವಾ?" ಎಂದರು.

"ಐತ್ರಿ."

"ಅದನ್ನರ ಛಂದ ಮಾಡಿ ಕೊಡು."

ಫೋನಿಟ್ಟವಳು ಅವನ ಮೇಲೆ ಹರಿಹಾಯ್ದಳು. "ಸುಳ್ಳ್ಯಾಕ ಹೇಳಿದ್ರಿ?"

"ನಿಮ್ಮ ಹೆಸರು ಕೆಡಬಾರದಿತ್ತು."

"ನಿಮಗ್ಯಾಕ ಆ ಚಿಂತಿ?"

"ನಿಮ್ಮ ಮ್ಯಾಲ... ಭಾಳ ಜೀವ ಐತ್ರಿ."

ಶೈಲಾಳ ಕಣ್ಣು ತುಂಬಿ ಬಂತು. ಎಷ್ಟು ದಿನದಿಂದ ಕಾದಿದ್ದಳು ಈ ಮಾತಿಗೆ!

"ಇದನ್ನೂ ಹೇಳದ ಇಟ್ಕೊಂಡಿದ್ರೇನು?!"

"ಹೇಳಾಕ ಬಂದಾಗೆಲ್ಲ ನೀವು ಬೈತಿದ್ರಿ..."

"ಬೈದ್ರ ಬೈಸ್ಕೊಂಡು ಹೇಳಬೇಕು! ನಾಳೆ ಮನಿಗೆ ಬರ್ರಿ. ನಮ್ಮಪ್ಪಗ ನನಗಿಂತ ಸಿಟ್ಟು ಜಾಸ್ತಿ."

"ಬರ್ತೀನ್ರಿ."

"ಬಂದು ಹಿಂಗ ಸುಮ್ನ ಕುಂತ್ರ ನೋಡ್ರಿ ಮತ್ತ!" ಎನ್ನುತ್ತಾ ಅವಳು ಅವನ ಕೈ ಹಿಡಿದುಕೊಂಡಳು.