ಕಂಪ್ಲಿಯಿಂದ ತಂದ ಗಾಲಿ

ಹೊಸಪೇಟೆಗೆ ಕರೆಂಟು ಬಂದ ಮರುವರ್ಷ ನಾನೂ ನನ್ನ ತಮ್ಮ ಎರ್ರಿಯಪ್ಪನೂ ಮೋಟಾರಿಗೆ ಕಬ್ಬಿನ ಗಾಣ ಕಟ್ಟಿದೆವು. ಮೋಟಾರಿನ ಓಟಕ್ಕೆ ಗಾಣ ಕಬ್ಬಿನ ಜೊತೆ ಕೈಯನ್ನೂ ಎಳೆದುಕೊಳ್ಳುವಂತಿತ್ತು. ವೇಗ ತಗ್ಗಿಸಲು ಕಂಪ್ಲಿಯ ಮುಚ್ಚಿದ ಗಿರಣಿಯೊಂದರಿಂದ ದೊಡ್ಡ ಗಾಲಿ ಬಿಚ್ಚಿದೆವು. ಅದಕ್ಕೆ ವಿಭೂತಿ ಬಳಿದು ಕರಿದಾರ ಕಟ್ಟಿದ್ದರು.

"ಜಂಗಮಯ್ಯನ್ನ ಕರಿಸಿ ದಾರ ಬಿಚ್ಚಸ್ರೆಪ್ಪಾ," ಅಂದಳು ಅಲ್ಲಿ ಕಾವಲಿದ್ದ ಜಂಬಕ್ಕ. "ಅದು ಒಬ್ಬನ್ನ ಎಳಕೊಂಡೈತಿ."

"ಗಾಲಿಗೂ ದೀಕ್ಷೆ ಕೊಡಸ್ತೀ ಏನಬೇ?" ಎಂದು ನಕ್ಕು ತಮ್ಮ ಕುಡುಗೋಲಿನಿಂದ ದಾರ ಕೊಯ್ದ.

ಗಾಲಿಯನ್ನು ತಂದು ಗಾಣಕ್ಕೆ ಜೋಡಿಸಿ, ಮೋಟಾರಿನಿಂದ ಅದಕ್ಕೆ ತೊಗಲಿನ ಪಟ್ಟಿ ಹಾಕಿದ ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಗಾಲಿ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಗಾಣ ಎತ್ತು ನಡೆದಷ್ಟೇ ನಿಧಾನ ತಿರುಗಿತು. ವಿರೂಪಾಕ್ಷನನ್ನು ನೆನೆದು ಕೈಮುಗಿದೆ. ಆದರೆ ಸುತ್ತಿಗೊಮ್ಮೆ ಯಾರೋ ಉಸಿರೆಳೆದ ಸದ್ದು.

ಗಾಣಕ್ಕೆ ಮೂರು ಜಲ್ಲೆ ಕೊಟ್ಟ ತಮ್ಮ ತಟ್ಟನೆ ಕೂಗಿದ. "ಅಣ್ಣಾ, ನನ್ನ ಮುಂಗೈ ಯಾರೋ ಹಿಡದಂಗ ಆಗ್ತೈತಿ."

ಕರೆಂಟು ಆರಿಸಿದೆ. ಮೋಟಾರು ನಿಂತಿತು, ಪಟ್ಟಿ ಜಾರಿ ಬಿತ್ತು. ಗಾಣ ನಿಲ್ಲಲಿಲ್ಲ. ಅವನ ರಟ್ಟೆ ಹಿಡಿದು ಜಗ್ಗಿದೆ. ಶಿವನ ದಯೆ, ಕೈ ಉಳಿಯಿತು.

ಇಬ್ಬರೂ ದೂರ ನಿಂತು ನೋಡಿದೆವು. ಈಚೆ ಕಬ್ಬಿನ ರಾಶಿ ಇದ್ದಂತೆಯೇ ಇತ್ತು. ಆಚೆ, ಹೊತ್ತು ಮುಳುಗುವತನಕ, ಹಿಂಡಿದ ಸಿಪ್ಪೆ ಒಂದರ ಹಿಂದೊಂದು ಹೊರಗೆ ಬರುತ್ತಲೇ ಇತ್ತು.