ಕೋಣೆಯಲ್ಲಿ ಇನ್ಯಾರಿದ್ದಾರೆ?

"ಆ ಗ್ಯಾಡ್ಸನ್ ಅಜ್ಜಿ ಉಯಿಲು ನಿಮ್ಮ ಹತ್ರ ಇಟ್ಕೋಬೇಡಿ ಸಾರ್," ಎಂದಳು ಒಜೆಲ್ಲಾ. "ಇಟ್ಕೊಂಡ್ರೂ, ಒಬ್ಬರೇ ಇದ್ದಾಗ 'ಇಲ್ಲಿ ಯಾರೂ ಇಲ್ಲ' ಅಂತ ಮಾತ್ರ ಅನ್ಬೇಡಿ."

ವಿಟ್ಲೋ ಪ್ರ್ಯಾಟ್ ನಕ್ಕ. ಒರ್ಲ್ಯಾಂಡೊ ಬಿಟ್ಟು ನಮ್ಮ ದ್ವೀಪಕ್ಕೆ ಬಂದು, ನೋಟರಿ ಕಚೇರಿ ತೆರೆದು ಮೂರು ತಿಂಗಳಾಗಿರಲಿಲ್ಲ; ನಗುವುದಕ್ಕೇನು ಕಷ್ಟ? ಒಜೆಲ್ಲಾ ಅವನ ಗುಮಾಸ್ತೆ, ಇಲ್ಲಿಯೇ ಹುಟ್ಟಿ ಬೆಳೆದವಳು. ಇಜೋರಾ ಗ್ಯಾಡ್ಸನ್ ಅಜ್ಜಿ ತನ್ನ ಕಡಲಂಚಿನ ಹನ್ನೆರಡು ಎಕರೆಯನ್ನು ಸಾಕುಮೊಮ್ಮಗಳು ಟೇಮರ್‌ಗೆ ಬರೆಯಲು ಹೊರಟಿದ್ದಳು. ಉಯಿಲಿಲ್ಲದಿದ್ದರೆ ನೆಲ ಮಗ ಲೂಷಿಯಸ್‌ನ ಪಾಲು. ಆ ಪಾಪಿ ಮಗ, ಮಾಟಗಾರನೊಬ್ಬನನ್ನು ಹಿಡಿದು ಉಯಿಲಿಗೇ ಮಾಟ ಮಾಡಿಸಿದ್ದ. ಹಿಂದಿನ ಎರಡು ಉಯಿಲುಗಳನ್ನು ಪೆಟ್ಟಿಗೆಯಲ್ಲಿ ಕಾಪಾಡಿದ ಇಬ್ಬರೂ ಕಾಣೆಯಾಗಿದ್ದರು. ಹೆಣವೂ ಸಿಕ್ಕಿರಲಿಲ್ಲ.

"ಇದು ಕಂಪ್ಯೂಟರ್ ಉಯಿಲು ಕಣಮ್ಮಾ. ಕಾಗದ ಇಲ್ಲ, ಪೆಟ್ಟಿಗೆ ಇಲ್ಲ. ನಿಮ್ಮ ದೆವ್ವ ಪಾಸ್‌ವರ್ಡ್ ಕಲಿಯುತ್ತಾ?"

"ಪೆಟ್ಟಿಗೆ ಇಲ್ದಿದ್ರೇನು, ಇಟ್ಕೊಳ್ಳೋರು ಇದ್ದಾರಲ್ಲ!"

ಮರುದಿನ ವಿಡಿಯೋ ಕರೆಯಲ್ಲಿ, ಪರದೆಯ ಮೇಲೆ ಅಜ್ಜಿ, ಪಕ್ಕದ ಚೌಕಗಳಲ್ಲಿ ಇಬ್ಬರು ಸಾಕ್ಷಿಗಳು. ಕಾನೂನು ಕೇಳಲೇಬೇಕೆನ್ನುವ ಪ್ರಶ್ನೆಯನ್ನು ವಿಟ್ಲೋ ಕೇಳಿದ.

"ನಿಮ್ಮ ಕೋಣೆಯಲ್ಲಿ ಇನ್ಯಾರಿದ್ದಾರೆ ಅಜ್ಜಿ?"

"ನಾನಿದ್ದೀನಿ."

"ನಿಮ್ಮನ್ನ ಬಿಟ್ಟು?"

"ನಾನೊಬ್ಬಳು ಇದ್ದೀನಪ್ಪಾ. ಎಷ್ಟು ಸಲ ಕೇಳ್ತೀಯೋ? ಕಿವೀನ ಒರ್ಲ್ಯಾಂಡೊದಲ್ಲೇ ಬಿಟ್ಟು ಬಂದ್ಯಾ?"

ನೇರವಾಗಿ 'ಯಾರೂ ಇಲ್ಲ' ಎನ್ನಲು ಇವಳಿಗೇನು ಧಾಡಿ? ಮರೆಯಲ್ಲಿ ಯಾರೋ ಹೇಳಿಕೊಡುತ್ತಿದ್ದಾರೆಯೇ? ಕ್ಯಾಮೆರಾವನ್ನು ಸುತ್ತ ತಿರುಗಿಸಲು ಹೇಳಿದ. ಮಂಚ, ನೀಲಿ ಬಳಿದ ಕಿಟಕಿ, ತಟ್ಟೆಯಲ್ಲಿ ಆರಿದ ಸೀಗಡಿ ಅನ್ನ. ಅಷ್ಟೇ. ಅಜ್ಜಿ ಬೆರಳಿನಿಂದ ಸಹಿ ಎಳೆದಳು. ಉಯಿಲೂ ಅದರ ವಿಡಿಯೋವೂ ವಿಟ್ಲೋನ ವಶಕ್ಕೆ ಬಂದವು. ಆಗಲೇ ಅವನ ಮೂಗಿಗೆ ಕೊಳೆತ ಜೌಗುಕೆಸರಿನ ವಾಸನೆ ಬಡಿಯಿತು. ಕಿಟಕಿ ಮುಚ್ಚಿತ್ತು.

ಅಂದಿನಿಂದ, ಬಂದವರು ಕೂರಲೆಂದು ಇಟ್ಟ, ಸಂಜೆ ಮೇಜಿನ ಕೆಳಗೆ ತಳ್ಳಿದ ಕುರ್ಚಿ ಬೆಳಿಗ್ಗೆ ಹೊರಗಿರುತ್ತಿತ್ತು. ಅದರ ಸೀಟು ಒದ್ದೆ. ಒಜೆಲ್ಲಾಳದೇ ಕಿತಾಪತಿ ಎಂದು ಬೀಗದ ಕೈ ಕಿತ್ತುಕೊಂಡ. ಕುರ್ಚಿ ಮತ್ತೆ ಹೊರಬಂತು. ಲೂಷಿಯಸ್ ಇರಬೇಕೆಂದು ಬೀಗವನ್ನೇ ಬದಲಿಸಿದ. ಈ ಸಲ ಕುರ್ಚಿ ಅವನ ಕುರ್ಚಿಯ ಹಿಂದೆಯೇ ಬಂದು ನಿಂತಿತ್ತು.

ಹತ್ತೊಂಬತ್ತನೆಯ ದಿನ ಅಜ್ಜಿ ತೀರಿಕೊಂಡಳು. ಲೂಷಿಯಸ್ ತಕರಾರು ಹಾಕಿದ. ವಿಚಾರಣೆ ವಿಡಿಯೋದಲ್ಲೇ, ಹಾಡುಹಗಲು ಹನ್ನೊಂದು ಗಂಟೆಗೆ; ಉಯಿಲಿನ ಪರ ವಿಟ್ಲೋನೇ ಸಾಕ್ಷಿ. ಪ್ರಮಾಣ ಮಾಡಿದ ಸಾಕ್ಷಿಯ ಬಳಿ ಬೇರೊಬ್ಬರಿದ್ದರೆ ಅವನ ಮಾತು ನಿಲ್ಲುವುದಿಲ್ಲ. ಮಾತು ನಿಲ್ಲದಿದ್ದರೆ ಉಯಿಲೂ ನಿಲ್ಲುವುದಿಲ್ಲ.

"ಮಿಸ್ಟರ್ ಪ್ರ್ಯಾಟ್, ನಿಮ್ಮ ಕೋಣೆಯಲ್ಲಿ ಇನ್ಯಾರಿದ್ದಾರೆ?" ನ್ಯಾಯಾಧೀಶೆ ಕೇಳಿದರು.

ಹಿಂದೆ ಕುರ್ಚಿ ಕಿರುಗುಟ್ಟಿತು. ಕೆಸರಿನ ವಾಸನೆ. ಕತ್ತಿನ ಮೇಲೆ ತಣ್ಣನೆಯ ಉಸಿರು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ನಾನಿದ್ದೀನಿ. ನಾನೊಬ್ಬ ಇದ್ದೀನಿ," ಎಂದ. ಅಜ್ಜಿಯ ಉತ್ತರ ಅವನಿಗೆ ಈಗ ಅರ್ಥವಾಗಿತ್ತು.

"ಅದು ಉತ್ತರ ಅಲ್ಲ. ಬೇರೆ ಯಾರಾದ್ರೂ ಇದ್ದಾರೋ, ಇಲ್ವೋ, ನೇರವಾಗಿ ಹೇಳಿ."

"ಹೇಳಪ್ಪಾ, ಹೇಳು," ಲೂಷಿಯಸ್ ತನ್ನ ಚೌಕದಲ್ಲಿ ಹಲ್ಲು ಕಿರಿದ. ಇನ್ನೊಂದು ಚೌಕದಲ್ಲಿ ಟೇಮರ್ ಉಸಿರು ಬಿಗಿಹಿಡಿದು ಕೂತಿದ್ದಳು. ಅಯ್ಯೋ, ಆ ಹುಡುಗಿಗೆ ಇರುವುದೊಂದೇ ನೆಲ. ಒದ್ದೆ ಕೈಯೊಂದು ವಿಟ್ಲೋನ ಹೆಗಲೇರಿತು.

"ಇಲ್ಲಿ ಯಾರೂ ಇಲ್ಲ," ಎಂದುಬಿಟ್ಟ.

ಕತ್ತಿನ ಮೇಲಿನ ಉಸಿರು ನಿಂತಿತು. ವಾಸನೆ ಹೋಯಿತು. ಕೈ ಇಳಿಯಿತು. ಉಯಿಲು ಊರ್ಜಿತವೆಂದು ನ್ಯಾಯಾಧೀಶೆ ಹೇಳಿದರು. ಟೇಮರ್ ಗೊಳೋ ಎಂದು ಅತ್ತಳು. ವಿಟ್ಲೋಗೂ ಕಣ್ಣು ತುಂಬಿತು.

"ಮಿಸ್ಟರ್ ಪ್ರ್ಯಾಟ್? ಎಲ್ಲಿಗೆ ಎದ್ದು ಹೋದ್ರಿ?"

"ಇಲ್ಲೇ ಇದ್ದೀನಲ್ಲ!"

ಪರದೆಯಲ್ಲಿ ಅವನ ಚೌಕದೊಳಗೆ ಬರೀ ಕುರ್ಚಿ. ಅವನು ಕೂಗಿದ. ಮೇಜು ಗುದ್ದಿದ. ಸದ್ದೇ ಬರಲಿಲ್ಲ. ಕಾಫಿ ಹಿಡಿದು ಒಜೆಲ್ಲಾ ಬಂದಳು. ಓಡಿ ಅವಳ ಕೈ ಹಿಡಿದ. ಕಾಫಿ ಅಲುಗಲೇ ಇಲ್ಲ. ಅವಳು ಕುರ್ಚಿ ನೋಡಿದಳು, ಪರದೆ ನೋಡಿದಳು.

"ಯಾರಮ್ಮಾ ನೀವು? ಆ ಕೋಣೆಯಲ್ಲಿ ಯಾರಿದ್ದಾರೆ?" ಪರದೆಯಿಂದ ನ್ಯಾಯಾಧೀಶೆ ಕೇಳಿದರು.

"ಇಲ್ಲಿ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಕಣ್ಣೊರೆಸಿ ಕ್ಯಾಮೆರಾದತ್ತ ಬಗ್ಗಿದಳು.

"ನಾನಿದ್ದೀನಿ ಮೇಡಂ. ನಾನೊಬ್ಬಳು ಇದ್ದೀನಿ."