ಮುಖ ತೋರಿಸಿ ಹೋಗಿ

"ನಾನು ಬೆಟ್ಟ ಹತ್ತೋಕೆ ಬಂದಿದ್ದೀನಿ, ನೆಂಟರ ಮನೆ ಸುತ್ತೋಕಲ್ಲ!"

ನರ್ಸ್ ಸಿಡುಕಿದಳು. ಹೊರಟು ಎರಡು ಗಂಟೆಯಾಗಿತ್ತು. ದಾರಿ ತೋರಿಸಲು ಬಂದವನು ಆಗಲೇ ನಾಲ್ಕು ಮನೆಗಳ ಮುಂದೆ ನಿಂತಿದ್ದ. ಪ್ರತಿ ಮನೆಯಲ್ಲೂ ನೀರು, ಪ್ರತಿ ಮನೆಯಲ್ಲೂ ಮಾತು! ತುರ್ತು ವಿಭಾಗದಲ್ಲಿ ಓಡಾಡಿಯೇ ಅಭ್ಯಾಸವಾದ ಅವಳಿಗೆ ಮೈಯೆಲ್ಲ ಉರಿಯಿತು.

"ತಾಳಿ, ಇನ್ನೊಂದೇ ಮನೆ," ಎಂದ ಅವನು.

'ಆಮೆ!' ಎಂದುಕೊಂಡಳು.

ಎರಡು ವರ್ಷದ ಹಿಂದೆ ಅವಳ ತಮ್ಮ ಇದೇ ಬೆಟ್ಟದಲ್ಲಿ ಜಾರಿ ಬಿದ್ದು ಸತ್ತಿದ್ದ. ಎರಡು ದಿನ ಅನಾಥನ ಹಾಗೆ ಬಿದ್ದಿದ್ದ. ಯಾರೂ ಯಾಕೆ ಹುಡುಕಲಿಲ್ಲ? ಆ ಒಂದು ಪ್ರಶ್ನೆ ಅವಳಿಗೆ ನಿದ್ದೆ ಕೊಟ್ಟಿರಲಿಲ್ಲ. ಇಂಥ ಹರಟೆಮಲ್ಲರಿಗೆ ಹುಡುಕಲು ಪುರುಸೊತ್ತೆಲ್ಲಿ!

ಕೊನೆಯ ಮನೆಯ ಅಜ್ಜಿ ಅವಳ ಗಲ್ಲ ಹಿಡಿದು ನೋಡಿದಳು.

"ಹಸಿರು ಅಂಗಿ, ಹಣೆ ಮೇಲೆ ಮಚ್ಚೆ. ಆಯ್ತು ಬಿಡಪ್ಪ. ಸಂಜೆಯೊಳಗೆ ಇಳೀಲಿಲ್ಲ ಅಂದ್ರೆ ಜನ ಕಳಿಸ್ತೀನಿ."

"ಎಲ್ಲರಿಗೂ ಹೀಗೇ ಮಾಡ್ತೀರಾ ಅಜ್ಜಿ?"

"ಎರಡು ವರ್ಷದಿಂದ ಹೀಗೇ ತಾಯಿ. ಆಗೊಬ್ಬ ಹುಡುಗ ಯಾವ ಮನೇಲೂ ನಿಲ್ಲದೆ ಓಡಿಬಿಟ್ಟ. ಮೇಲೆ ಹೋಗಿದ್ದಾನೆ ಅಂತ ಯಾರಿಗೆ ಗೊತ್ತು? ಮೂರನೇ ದಿನ ಇವನ ಕಣ್ಣಿಗೆ ಬಿದ್ದ. ಇವನೇ ಹೊತ್ತು ತಂದ. ಅವತ್ತಿಂದ ಮನೆಮನೆಗೂ ಮುಖ ತೋರಿಸದೆ ಯಾರನ್ನೂ ಕರ್ಕೊಂಡು ಹೋಗಲ್ಲ."

ಅವಳು ಜಗುಲಿಯ ಮೇಲೆ ಕುಳಿತಳು.

"ಅವನು... ನನ್ನ ತಮ್ಮ."

ದಾರಿ ತೋರಿಸಲು ಬಂದವನ ಮುಖ ಬಿಳಿಚಿಕೊಂಡಿತು. ಅವಳ ಎದುರು ನೆಲದ ಮೇಲೆ ಕುಕ್ಕರಿಸಿದ.

"ಅವನು ಸಿಕ್ಕಿದ ಹಿಂದಿನ ದಿನ ನಾನೂ ಅದೇ ದಾರೀಲಿ ಹೋಗಿದ್ದೆ. ಅವಸರದಲ್ಲಿದ್ದೆ. ಒಂದು ಸಲ ನಿಂತು ನೋಡಿದ್ದಿದ್ರೆ..."

"ಇಲ್ಲ... ಪೋಸ್ಟ್‌ಮಾರ್ಟಂ ರಿಪೋರ್ಟ್ ನಾನೇ ಓದಿದ್ದೀನಿ. ಬಿದ್ದ ತಕ್ಷಣ ಪ್ರಾಣ ಹೋಗಿತ್ತು. ನೀವು ನಿಂತಿದ್ರೂ ಉಳೀತಿರಲಿಲ್ಲ."

ಅವನು ಮುಖ ಮುಚ್ಚಿಕೊಂಡು ಅತ್ತ. ಅವಳೂ ಅತ್ತಳು.

ಆ ದಿನ ಅವರು ಬೆಟ್ಟ ಹತ್ತಲಿಲ್ಲ. ಒಂದು ದಿನದ ನಡಿಗೆಗೆ ಆರು ದಿನ ಹಿಡಿಯಿತು. ಅವಳು ದಾಟಿ ಬಂದ ಮನೆಗಳಿಗೆಲ್ಲ ಹಿಂದಿರುಗಿ, ಮನೆಮನೆಯಲ್ಲೂ ಕುಳಿತು ಬಿಪಿ ನೋಡಿದಳು, ಗಾಯಕ್ಕೆ ಪಟ್ಟಿ ಕಟ್ಟಿದಳು. ತಮ್ಮನಿಗಾಗಿ ಅತ್ತವರು ಇಲ್ಲಿ ಇಷ್ಟು ಜನ ಇದ್ದರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನು ಪಕ್ಕದಲ್ಲಿ ಕಾಣದಿದ್ದರೆ ಈಗ ಅವಳ ಕಣ್ಣು ಹುಡುಕುತ್ತಿತ್ತು.

ಏಳನೇ ದಿನ, ತಮ್ಮ ಬಿದ್ದ ಜಾಗದಲ್ಲಿ ಇಬ್ಬರೂ ನಿಂತರು.

"ನಾಳೆ ರಜೆ ಮುಗಿಯುತ್ತೆ," ಎಂದಳು.

"ನೀವಂದ್ರೆ ನಂಗೆ ಪ್ರಾಣ. ಆದ್ರೆ ಇರಿ ಅಂತ ಹೇಗೆ ಕೇಳಲಿ? ಅವನ ಹೆಣ ಹೊತ್ತ ಕೈ ಇದು. ನೋಡಿದಾಗೆಲ್ಲ ನಿಮಗೆ ನೋವಾಗುತ್ತೆ."

ಅವಳು ಆ ಕೈಯನ್ನು ಎದೆಗೊತ್ತಿಕೊಂಡಳು.

"ನನ್ನ ತಮ್ಮನನ್ನ ಒಂಟಿಯಾಗಿ ಬಿಡದ ಕೈ ಇದೊಂದೇ. ಇದನ್ನ ಬಿಟ್ಟು ನಾನೆಲ್ಲಿಗೆ ಹೋಗಲಿ, ಹೇಳಿ?"